ದೊಡ್ಡ ಸೇನೆಗಳಿಗೆ ಸಣ್ಣ ಶತ್ರು ಏಕೆ ದಕ್ಕುವುದಿಲ್ಲ?

ಪ್ರಶ್ನೆ: ಅಮೆರಿಕದಂಥ ದೇಶ ಇಪ್ಪತ್ತು ವರ್ಷ ಯುದ್ಧ ಮಾಡಿಯೂ ಅಫ್ಗಾನಿಸ್ತಾನವನ್ನು ಮತ್ತೆ ತಾಲಿಬಾನ್ ಕೈಗೇ ಬಿಟ್ಟು ಬಂದಿತು. ಐಸಿಸ್ ಮುಗಿಯಿತು ಎಂದು ಕೇಳಿ ವರ್ಷಗಳಾದವು. ಅದರ ಹೆಸರಿನ ದಾಳಿಗಳು ಮಾತ್ರ ನಿಂತಿಲ್ಲ. ಧರ್ಮದ ಹೆಸರಿನ ಭಯೋತ್ಪಾದನೆಯ ವಿರುದ್ಧ ವಿಶ್ವಸಂಸ್ಥೆ ನಿರ್ಣಯದ ಮೇಲೆ ನಿರ್ಣಯ ಹೊರಡಿಸುತ್ತಿದೆ. ಇದರಿಂದೆಲ್ಲ ಏನಾದರೂ ಪ್ರಯೋಜನವಾಗಿದೆಯೇ? ‘ಅಸಮ ಯುದ್ಧ’ ಎನ್ನುವುದು ಸೋಲಿಗೆ ಇಟ್ಟ ಗಂಭೀರ ಹೆಸರು ಮಾತ್ರವೇ?

ಉತ್ತರ: ನಿಮ್ಮ ಕೊನೆಯ ವಾಕ್ಯದ ವ್ಯಂಗ್ಯಕ್ಕೆ ಆಧಾರವಿದೆ. ಸೋತು ಬಂದ ಸೇನಾಧಿಕಾರಿಗಳೂ ಸಚಿವರೂ ಆ ಹೆಸರಿನ ಹಿಂದೆ ಅವಿತುಕೊಂಡದ್ದುಂಟು. ಆದರೆ ಅದರ ಕೆಳಗೆ ಒಂದು ನಿಜವಾದ ಲೆಕ್ಕಾಚಾರವೂ ಇದೆ. ಅದನ್ನು ತಿಳಿದುಕೊಳ್ಳದೆ ಯುದ್ಧಕ್ಕೆ ಇಳಿದದ್ದರಿಂದಲೇ ಕಳೆದ ಕಾಲು ಶತಮಾನದಲ್ಲಿ ಅಷ್ಟೊಂದು ಹಣ, ಅಷ್ಟೊಂದು ಜೀವ ಪೋಲಾದವು.

ಬಲದಲ್ಲಿ ಅಜಗಜಾಂತರವಿರುವ ಎರಡು ಪಕ್ಷಗಳು ಕಾದಾಡುವಾಗ ಇಬ್ಬರ ಗೆಲುವಿನ ಅಳತೆಯೂ ಬೇರೆಯಾಗಿರುತ್ತದೆ. ಬಲಿಷ್ಠ ದೇಶ ಗೆದ್ದೆನೆಂದು ಹೇಳಬೇಕಾದರೆ ಎದುರಾಳಿಯನ್ನು ಇಲ್ಲವಾಗಿಸಬೇಕು, ಹಿಡಿದ ಊರುಗಳಲ್ಲಿ ಶಾಂತಿ ತರಬೇಕು, ಮತದಾರರಿಗೆ ಖರ್ಚಿನ ಲೆಕ್ಕ ಕೊಡಬೇಕು, ಯೋಧರನ್ನು ಜೀವಂತವಾಗಿ ಮನೆಗೆ ಕಳುಹಿಸಬೇಕು. ದುರ್ಬಲ ಪಕ್ಷಕ್ಕೆ ಇಷ್ಟೆಲ್ಲ ಬೇಕಿಲ್ಲ. ಅಳಿಯದೆ ಉಳಿದರೆ ಸಾಕು, ಕಾಲ ಅದರ ಕಡೆ ಇರುತ್ತದೆ. ಟ್ಯಾಂಕು, ಯುದ್ಧವಿಮಾನಗಳಿಗೆ ಎದೆಗೊಟ್ಟು ನಿಲ್ಲುವ ಬದಲು ಅವು ಯಾವ ಕೆಲಸಕ್ಕೂ ಬಾರದ ಕಡೆಗಳಲ್ಲಿ ಅದು ಹೊಡೆಯುತ್ತದೆ: ಮಾರುಕಟ್ಟೆ, ರೈಲು, ಹೋಟೆಲು, ಪ್ರಾರ್ಥನಾ ಮಂದಿರ. ಗೆರಿಲ್ಲಾ ಯುದ್ಧಕ್ಕೂ ಭಯೋತ್ಪಾದನೆಗೂ ಗೆರೆ ಎಳೆಯಬೇಕಾದದ್ದು ಇಲ್ಲಿಯೇ. ಗೆರಿಲ್ಲಾ ಹೋರಾಟಗಾರ ಮುಖ್ಯವಾಗಿ ಸೈನಿಕನ ಮೇಲೆ ಕಣ್ಣಿಡುತ್ತಾನೆ. ಭಯೋತ್ಪಾದಕನ ಕಣ್ಣು ಸಾಯುವವರ ಆಚೆ, ಆ ಸಾವನ್ನು ಪರದೆಯ ಮೇಲೆ ನೋಡುವ ಕೋಟ್ಯಂತರ ಜನರ ಮೇಲೆ ಮತ್ತು ಅವರ ಸರ್ಕಾರ ಮುಂದೇನು ಮಾಡುತ್ತದೆ ಎಂಬುದರ ಮೇಲೆ ಇರುತ್ತದೆ.

1983ರ ಅಕ್ಟೋಬರ್ 23ರ ಬೆಳಿಗ್ಗೆ ಬೈರುತ್‌ನಲ್ಲಿ ಸ್ಫೋಟಕ ತುಂಬಿದ ಲಾರಿಯೊಂದು ಅಮೆರಿಕದ ಮರೀನ್ ಪಡೆಯ ಬ್ಯಾರಕ್‌ಗೆ ನುಗ್ಗಿತು. 241 ಅಮೆರಿಕನ್ ಯೋಧರು ಸತ್ತರು. ಕೆಲವೇ ನಿಮಿಷಗಳಲ್ಲಿ ಇನ್ನೊಂದು ದಾಳಿ 58 ಫ್ರೆಂಚ್ ಯೋಧರನ್ನು ಬಲಿ ತೆಗೆದುಕೊಂಡಿತು. ಮರುವರ್ಷದ ಆರಂಭದಲ್ಲೇ ಅಮೆರಿಕದ ಪಡೆ ಲೆಬನಾನ್ ಬಿಟ್ಟು ಹೊರಟಿತು. ಈ ಪಾಠವನ್ನು ಬಹಳ ಜನ ಕಲಿತರು. ಒಸಾಮಾ ಬಿನ್ ಲಾದೆನ್ 1996ರಲ್ಲಿ ಅಮೆರಿಕದ ವಿರುದ್ಧ ಯುದ್ಧ ಸಾರುವಾಗ ಬೈರುತ್ತನ್ನೂ ಸೊಮಾಲಿಯಾವನ್ನೂ ಹೆಸರಿಸಿಯೇ ಆ ದೇಶದ ಹಿಮ್ಮೆಟ್ಟುವಿಕೆಯನ್ನು ಹಂಗಿಸಿದ್ದ.

ಐದು ವರ್ಷಗಳ ಬಳಿಕ ಅವನ ಹತ್ತೊಂಬತ್ತು ಮಂದಿ ನಾಲ್ಕು ವಿಮಾನಗಳನ್ನು ಅಪಹರಿಸಿ ಸುಮಾರು 3,000 ಜನರನ್ನು ಕೊಂದರು. ಆ ಇಡೀ ಸಂಚಿಗೆ ತಗುಲಿದ ವೆಚ್ಚ ನಾಲ್ಕರಿಂದ ಐದು ಲಕ್ಷ ಡಾಲರ್ ಎಂದು ಅಮೆರಿಕದ ಅಧಿಕೃತ ತನಿಖಾ ಆಯೋಗ ಅಂದಾಜಿಸಿತು. ಹಣ ಬಂದದ್ದು ಸಾಧಾರಣ ಬ್ಯಾಂಕ್ ವರ್ಗಾವಣೆಗಳ ಮೂಲಕ. ಖರ್ಚಾಗದೆ ಉಳಿದ ಸುಮಾರು 26,000 ಡಾಲರನ್ನು ಅಪಹರಣಕಾರರು ದಾಳಿಗೆ ಕೆಲವು ದಿನ ಮುಂಚೆ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ವಾಪಸ್ ಕಳುಹಿಸಿದ್ದರು. ಸಾಯಲು ಹೊರಟವರು ಮಿಕ್ಕ ಹಣವನ್ನು ಲೆಕ್ಕ ಹಾಕಿ ಹಿಂದಿರುಗಿಸುತ್ತಾರೆ! ಇವರನ್ನು ತಲೆಕೆಟ್ಟವರೆಂದು ತಳ್ಳಿಹಾಕುವವರು ಈ ವಿವರವನ್ನು ನೆನಪಿನಲ್ಲಿಡಬೇಕು. ಇನ್ನೊಂದು ತಟ್ಟೆಯಲ್ಲಿ ಏನಿದೆ? ಆ ದಾಳಿಯ ಬೆನ್ನಿಗೆ ನಡೆದ ಯುದ್ಧಗಳಿಗೆ ಅಮೆರಿಕ ತೆತ್ತ ಬೆಲೆ, ಮುಂದೆ ಮಾಜಿ ಯೋಧರ ಆರೈಕೆಗೆ ತೆರಬೇಕಾದದ್ದೂ ಸೇರಿ, ಸುಮಾರು 8 ಲಕ್ಷ ಕೋಟಿ ಡಾಲರ್ ಎಂದು ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಲೆಕ್ಕ ಹಾಕಿದರು. ಅಮೆರಿಕವನ್ನು ದಿವಾಳಿಯಾಗುವವರೆಗೆ ರಕ್ತ ಹರಿಸುವಂತೆ ಮಾಡುವುದೇ ತಮ್ಮ ನೀತಿ ಎಂದು ಬಿನ್ ಲಾದೆನ್ 2004ರ ವಿಡಿಯೊ ಭಾಷಣದಲ್ಲಿ ಬಾಯಿಬಿಟ್ಟೇ ಹೇಳಿದ್ದ.

ಎಂದರೆ ಈ ಯುದ್ಧದಲ್ಲಿ ದುರ್ಬಲನ ಕೈಯಲ್ಲಿರುವ ಅತಿ ದೊಡ್ಡ ಆಯುಧ ಬಲಿಷ್ಠನ ಸಿಟ್ಟು. ಅಫ್ಗಾನಿಸ್ತಾನದ ಮೇಲೆ 2001ರಲ್ಲಿ ಕೈಗೊಂಡ ಕಾರ್ಯಾಚರಣೆಗೆ ಸಮರ್ಥನೆ ಇತ್ತು. ಅಲ್-ಖೈದಾದ ತರಬೇತಿ ಶಿಬಿರಗಳು ಅಲ್ಲಿದ್ದವು, ತಾಲಿಬಾನ್ ಆಶ್ರಯವಿತ್ತು, ನ್ಯಾಟೊ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಸಾಮೂಹಿಕ ರಕ್ಷಣೆಯ ಐದನೇ ವಿಧಿಯನ್ನು ಚಲಾಯಿಸಿತ್ತು, ಜಗತ್ತಿನ ಬಹುಪಾಲು ಸಹಾನುಭೂತಿಯೂ ಜೊತೆಗಿತ್ತು. 2003ರ ಇರಾಕ್ ಹಾಗಲ್ಲ. ಸೆಪ್ಟೆಂಬರ್ 11ಕ್ಕೂ ಸದ್ದಾಂ ಹುಸೇನನಿಗೂ ಸಂಬಂಧವಿರಲಿಲ್ಲ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟರು ಎನ್ನುತ್ತಾರಲ್ಲ, ಇಲ್ಲಿ ಬೆಂಕಿ ಇಟ್ಟದ್ದು ಇಲಿ ಇಲ್ಲದ ಮನೆಗೆ. ಮೇ ತಿಂಗಳಲ್ಲಿ ಅಲ್ಲಿನ ಅಮೆರಿಕನ್ ಆಡಳಿತ ಎರಡು ಆದೇಶ ಹೊರಡಿಸಿತು. ಒಂದು, ಸದ್ದಾಂನ ಬಾತ್ ಪಕ್ಷದ ಮೇಲ್ದರ್ಜೆಯ ಸದಸ್ಯರನ್ನು ಸರ್ಕಾರಿ ಕೆಲಸದಿಂದ ತೆಗೆದದ್ದು; ಇನ್ನೊಂದು, ಇರಾಕಿ ಸೇನೆಯನ್ನೇ ವಿಸರ್ಜಿಸಿದ್ದು. ಬಂದೂಕು ಹಿಡಿಯಲು ಬಲ್ಲ ಲಕ್ಷಾಂತರ ಗಂಡಸರು ಸಂಬಳವಿಲ್ಲದೆ, ಮರ್ಯಾದೆಯಿಲ್ಲದೆ ಬೀದಿಗೆ ಬಿದ್ದರು. ಮುಂದೆ ಐಸಿಸ್‌ನ ಆಡಳಿತ ಯಂತ್ರಕ್ಕೆ ನಕ್ಷೆ ಹಾಕಿದವನು ಸದ್ದಾಂ ಕಾಲದ ಒಬ್ಬ ಗುಪ್ತಚರ ಕರ್ನಲ್ ಎಂಬುದು ಆಕಸ್ಮಿಕವಲ್ಲ. ಇರಾಕಿನಲ್ಲಿ ಅಲ್-ಖೈದಾ ಹುಟ್ಟಿದ್ದೇ ಅದನ್ನು ನಾಶ ಮಾಡುವ ಹೆಸರಿನ ಯುದ್ಧದಿಂದ.

ನಂತರದ ಕಥೆಯಲ್ಲಿ ಒಂದು ವಿಚಿತ್ರ ತಿರುವಿದೆ, ಸಾಮಾನ್ಯ ಚರ್ಚೆಗಳಲ್ಲಿ ಅದು ತಪ್ಪಿಹೋಗುತ್ತದೆ. 2014ರ ಜೂನ್‌ನಲ್ಲಿ ಐಸಿಸ್ ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಇರಾಕಿ ಪಡೆಯನ್ನು ಓಡಿಸಿ ಮೊಸುಲ್ ನಗರವನ್ನು ಹಿಡಿಯಿತು. ಅದೇ ತಿಂಗಳ ಕೊನೆಗೆ ಖಿಲಾಫತ್ ಘೋಷಿಸಿತು. ತೆರಿಗೆ, ನ್ಯಾಯಾಲಯ, ತೈಲ ಮಾರಾಟ, ಗಡಿ ಕಾವಲು, ಎಲ್ಲವೂ ಬಂದವು. ಜಗತ್ತಿನ ಮೂಲೆಮೂಲೆಗಳಿಂದ ಸುಮಾರು 40,000 ಮಂದಿ ಅಲ್ಲಿಗೆ ಹೋದರು. ಇದು ಅದರ ಉತ್ತುಂಗವೂ ಹೌದು, ಪ್ರಮಾದವೂ ಹೌದು. ನೆಲ ಹಿಡಿದ ಕೂಡಲೇ ಅದು ಅಸಮ ಯುದ್ಧದ ಅನುಕೂಲವನ್ನು ತಾನಾಗಿ ಬಿಟ್ಟುಕೊಟ್ಟಿತು. ಈಗ ಅದಕ್ಕೆ ವಿಳಾಸವಿತ್ತು, ಬಾಂಬ್ ಹಾಕಬಹುದಾದ ಉಗ್ರಾಣಗಳಿದ್ದವು, ಕಾಯಬೇಕಾದ ಗಡಿಯಿತ್ತು. ಸಾಂಪ್ರದಾಯಿಕ ಸೇನೆಗೆ ಚೆನ್ನಾಗಿ ಗೊತ್ತಿರುವ ಕೆಲಸ ಎಂದರೆ ಇದೇ. ಎಂಬತ್ತಕ್ಕೂ ಹೆಚ್ಚು ಸದಸ್ಯರ ಅಂತರರಾಷ್ಟ್ರೀಯ ಮೈತ್ರಿಕೂಟದ ವಾಯುದಾಳಿ, ನೆಲದ ಮೇಲೆ ಇರಾಕಿ ಮತ್ತು ಕುರ್ದಿಶ್ ಯೋಧರ ಹೋರಾಟ ಸೇರಿ 2017ರ ಜುಲೈಯಲ್ಲಿ ಮೊಸುಲ್, ಅಕ್ಟೋಬರ್‌ನಲ್ಲಿ ರಕ್ಕಾ, 2019ರ ಮಾರ್ಚ್‌ನಲ್ಲಿ ಸಿರಿಯಾದ ಬಘೂಜ್ ಎಂಬ ಕೊನೆಯ ಹಳ್ಳಿ ಬಿದ್ದವು. ಮೊಸುಲ್‌ನ ಹಳೆಯ ನಗರ ಕಲ್ಲುರಾಶಿಯಾಯಿತು, ಸಾವಿರಾರು ನಾಗರಿಕರು ಸತ್ತರು. ಆದರೂ ಅದು ಸೇನೆಯಿಂದ ಆಗಬಹುದಾಗಿದ್ದ, ಸೇನೆಯಿಂದಲೇ ಆಗಬೇಕಾಗಿದ್ದ ಕೆಲಸ. ನೆಲ ಕಳೆದುಕೊಂಡ ಮರುದಿನ ಐಸಿಸ್ ಮತ್ತೆ ನೆರಳಾಯಿತು. ನೀವು ಕೇಳುತ್ತಿರುವ ‘ಮುಗಿಯದ ಐಸಿಸ್’ ಆ ನೆರಳು.

ಇನ್ನು ಧರ್ಮದ ವಿಷಯ. ಧರ್ಮದ ಹೆಸರಿನಲ್ಲಿ ಕೊಂದವರು ಒಂದೇ ಧರ್ಮದವರಲ್ಲ. 1985ರಲ್ಲಿ ಏರ್ ಇಂಡಿಯಾದ ‘ಕನಿಷ್ಕ’ವನ್ನು ಸ್ಫೋಟಿಸಿ 329 ಜನರನ್ನು ಕೊಂದವರು ಖಾಲಿಸ್ತಾನಿ ಉಗ್ರರು. 1994ರಲ್ಲಿ ಹೆಬ್ರಾನ್‌ನ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದವನು ಯಹೂದಿ ತೀವ್ರವಾದಿ; ಮರುವರ್ಷ ಇಸ್ರೇಲಿನ ಪ್ರಧಾನಿ ಯಿತ್ಝಾಕ್ ರಾಬಿನ್‌ರನ್ನು ಕೊಂದವನೂ ಅಂಥವನೇ. ಅದೇ 1995ರಲ್ಲಿ ಟೋಕಿಯೊದ ಮೆಟ್ರೊ ರೈಲುಗಳಲ್ಲಿ ಸರಿನ್ ವಿಷಾನಿಲ ಬಿಟ್ಟದ್ದು ಓಮ್ ಶಿನ್ರಿಕ್ಯೊ ಪಂಥ. ಜಾಗತಿಕ ಜಾಲವಾಗಿ ಬೆಳೆದದ್ದು ಮಾತ್ರ ಜಿಹಾದಿ ಸಂಘಟನೆಗಳು. ಅದಕ್ಕೆ ಇತಿಹಾಸದ ಕಾರಣಗಳಿವೆ: 1979ರ ಒಂದೇ ವರ್ಷದಲ್ಲಿ ಇರಾನಿನ ಕ್ರಾಂತಿ, ಮೆಕ್ಕಾದ ಮಹಾಮಸೀದಿಯ ಮುತ್ತಿಗೆ, ಅಫ್ಗಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ. ಆ ಕೊನೆಯ ಯುದ್ಧಕ್ಕೆ ಹಣ ಮತ್ತು ಶಸ್ತ್ರ ಹರಿಸಿದವರಲ್ಲಿ ಅಮೆರಿಕ, ಸೌದಿ ಅರೇಬಿಯಾ, ಪಾಕಿಸ್ತಾನ ಮೂರೂ ಇದ್ದವು ಎಂಬುದನ್ನು ಮರೆಯುವುದು ಮೂವರಿಗೂ ಅನುಕೂಲ. ಈ ಸಂಘಟನೆಗಳ ಕೈಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರೇ ಎಂಬುದನ್ನು ಮರೆಯುವುದು ಇನ್ನು ಕೆಲವರಿಗೆ ಅನುಕೂಲ.

ಧರ್ಮ ಮಾಡುವ ವ್ಯತ್ಯಾಸ ನನ್ನ ದೃಷ್ಟಿಯಲ್ಲಿ ಇಷ್ಟು. ಪ್ರತ್ಯೇಕ ರಾಜ್ಯ ಕೇಳುವ ಸಂಘಟನೆಯ ಜೊತೆ ಚೌಕಾಸಿ ಮಾಡಬಹುದು; ಅರ್ಧ ಕೊಟ್ಟು ಅರ್ಧ ಉಳಿಸಿಕೊಳ್ಳಬಹುದು. ದೇವರ ಆಜ್ಞೆಯೆಂದು ಹೊರಟವನಿಗೆ ಅರ್ಧ ಎಂಬುದಿಲ್ಲ, ಸಾವು ನಷ್ಟದ ಖಾತೆಗೆ ಹೋಗುವುದಿಲ್ಲ, ಐವತ್ತು ವರ್ಷ ಕಾಯಬೇಕಾದರೂ ಸೋಲೆನಿಸುವುದಿಲ್ಲ. ಹಾಗೆಂದು ಸೇರುವವರೆಲ್ಲ ಧರ್ಮಶಾಸ್ತ್ರ ಓದಿ ಸೇರುತ್ತಾರೆ ಎಂದುಕೊಳ್ಳಬೇಡಿ. ಮಾಲಿಯಲ್ಲಿ ಮೇವು-ನೀರಿನ ಜಗಳ, ಇರಾಕಿನಲ್ಲಿ ಸುನ್ನಿಗಳ ಅವಮಾನ, ಬೇರೊಂದು ಕಡೆ ಪೊಲೀಸರ ದೌರ್ಜನ್ಯ ಜನರನ್ನು ತಳ್ಳುತ್ತವೆ. ಧರ್ಮ ಆ ಸಿಟ್ಟಿಗೆ ಅರ್ಥವನ್ನೂ ಅಂತಸ್ತನ್ನೂ ಕೊಡುತ್ತದೆ. ಬಡತನವೊಂದೇ ಕಾರಣ ಎಂಬ ವಾದವಂತೂ ನಿಲ್ಲುವುದಿಲ್ಲ. 2019ರ ಈಸ್ಟರ್ ದಿನ ಕೊಲಂಬೊದ ಹೋಟೆಲುಗಳಲ್ಲಿ ತಮ್ಮನ್ನು ಸ್ಫೋಟಿಸಿಕೊಂಡವರಲ್ಲಿ ಇಬ್ಬರು ನಗರದ ಸಿರಿವಂತ ಮಸಾಲೆ ವ್ಯಾಪಾರಿಯೊಬ್ಬರ ಮಕ್ಕಳು.

ಜಗತ್ತು ಇದಕ್ಕೆ ಕೊಟ್ಟ ಉತ್ತರದಲ್ಲಿ ಕಾಗದಕ್ಕೆ ಕೊರತೆಯಿಲ್ಲ. ವಿಮಾನ ಅಪಹರಣ, ಒತ್ತೆಸೆರೆ, ಬಾಂಬ್ ದಾಳಿ, ಹಣ ಪೂರೈಕೆ, ಪರಮಾಣು ವಸ್ತು, ಒಂದೊಂದಕ್ಕೂ ಒಂದೊಂದು ಒಪ್ಪಂದ 1963ರಿಂದ ಬಂದಿವೆ. ಇಲ್ಲದಿರುವುದು ಎಲ್ಲವನ್ನೂ ಒಳಗೊಳ್ಳುವ ಒಂದು ಒಪ್ಪಂದ. ಅಂಥದೊಂದರ ಕರಡನ್ನು ಭಾರತ 1996ರಲ್ಲೇ ಮಂಡಿಸಿತು. ಅದು ಇನ್ನೂ ಸಮಿತಿಯಲ್ಲಿದೆ. ಪರಕೀಯ ಆಕ್ರಮಣದ ವಿರುದ್ಧ ಹೋರಾಡುವವರನ್ನು ಭಯೋತ್ಪಾದಕರೆನ್ನಬೇಕೇ, ಸರ್ಕಾರಿ ಸೇನೆ ನಾಗರಿಕರನ್ನು ಕೊಂದರೆ ಅದನ್ನು ಏನೆನ್ನಬೇಕು ಎಂಬ ಎರಡು ಗಂಟುಗಳನ್ನು ಬಿಚ್ಚಲು ಯಾರಿಗೂ ಆಗಿಲ್ಲ. ನಿಜ ಹೇಳಬೇಕೆಂದರೆ ಬಿಚ್ಚಲು ಆಸೆಯೂ ಇಲ್ಲ. ವ್ಯಾಖ್ಯೆ ಅಸ್ಪಷ್ಟವಾಗಿದ್ದರೆ ಪ್ರತಿ ಸರ್ಕಾರಕ್ಕೂ ತನ್ನ ವಿರೋಧಿಗಳನ್ನು ಆ ಪಟ್ಟಿಗೆ ಸೇರಿಸಲು ಜಾಗ ಸಿಗುತ್ತದೆ.

ಇದರ ಪರಿಣಾಮ ಬೇಗ ಕಂಡಿತು. 2001ರ ಸೆಪ್ಟೆಂಬರ್ 28ರಂದು ಭದ್ರತಾ ಮಂಡಳಿ 1373ನೇ ನಿರ್ಣಯದ ಮೂಲಕ ಭಯೋತ್ಪಾದನೆಗೆ ಹಣ ಒದಗಿಸುವುದನ್ನು ಅಪರಾಧವಾಗಿಸಿ, ಆಸ್ತಿ ಮುಟ್ಟುಗೋಲು ಹಾಕಿ ಎಂದು ಎಲ್ಲ ದೇಶಗಳಿಗೂ ಕಡ್ಡಾಯ ಆದೇಶ ಕೊಟ್ಟಿತು. ಭಯೋತ್ಪಾದನೆ ಎಂದರೇನು ಎಂದು ಮಾತ್ರ ಹೇಳಲಿಲ್ಲ. ಸರ್ವಾಧಿಕಾರಿ ಆಡಳಿತಗಳಿಗೆ ಹಬ್ಬವಾಯಿತು. ಪತ್ರಕರ್ತರೂ ಪ್ರತಿಭಟನಕಾರರೂ ಕಾನೂನಿನ ಬಲೆಗೆ ಬಿದ್ದರು. ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಯಲ್ಲಿ ಹೆಸರು ಬಂದವನಿಗೆ ಅದೇಕೆಂದು ಕೇಳುವ ಅವಕಾಶವೂ ಇರಲಿಲ್ಲ. 2008ರಲ್ಲಿ ಯುರೋಪಿನ ಉನ್ನತ ನ್ಯಾಯಾಲಯ ಸೌದಿ ಉದ್ಯಮಿಯೊಬ್ಬರ ಪ್ರಕರಣದಲ್ಲಿ, ಕಾರಣ ಹೇಳದೆ ಆಸ್ತಿ ಕಟ್ಟಿಹಾಕುವುದು ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು ತೀರ್ಪಿತ್ತ ಮೇಲೆಯೇ, ಮರುವರ್ಷ ದೂರು ಕೇಳಲು ಸ್ವತಂತ್ರ ಒಂಬುಡ್ಸ್‌ಪರ್ಸನ್ ಹುದ್ದೆ ಬಂದಿತು.

ಆ ಪಟ್ಟಿಯ ಇನ್ನೊಂದು ಕಾಯಿಲೆ ಇದಕ್ಕೆ ಉಲ್ಟಾ. 1999ರ 1267ನೇ ನಿರ್ಣಯದಡಿ ಬಂದ ಸಮಿತಿಯಲ್ಲಿ ಭದ್ರತಾ ಮಂಡಳಿಯ ಹದಿನೈದೂ ಸದಸ್ಯರು ಒಪ್ಪಬೇಕು. ಒಬ್ಬರು ತಡೆ ಹಾಕಿದರೂ ಕಡತ ನಿಲ್ಲುತ್ತದೆ. ಜೈಷ್-ಎ-ಮೊಹಮ್ಮದ್ ಸಂಘಟನೆ 2001ರಲ್ಲೇ ಪಟ್ಟಿಗೆ ಸೇರಿತು. ಅದನ್ನು ಕಟ್ಟಿದ ಮಸೂದ್ ಅಜರ್ ಸೇರಿದ್ದು 2019ರ ಮೇ 1ರಂದು. ಚೀನಾ ನಡುವೆ ಮತ್ತೆ ಮತ್ತೆ ತಡೆ ಹಾಕಿತು. ಸಂಘಟನೆ ಭಯೋತ್ಪಾದಕ, ಸ್ಥಾಪಕ ಅಲ್ಲ ಎಂಬ ತರ್ಕ ಹದಿನೇಳು ವರ್ಷ ನಡೆಯಿತು.

ಇಷ್ಟು ಓದಿ ಎಲ್ಲವೂ ವ್ಯರ್ಥ ಎನ್ನುವಿರಾದರೆ ತಡೆಯಿರಿ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವ ಕಥೆ ಭದ್ರತಾ ಮಂಡಳಿಯ ಹೊರಗಿನದು.

ಪ್ಯಾರಿಸ್‌ನಲ್ಲಿ ಎಫ್‌ಎಟಿಎಫ್ ಎಂಬ ಹಣಕಾಸು ಕಾರ್ಯಪಡೆಯಿದೆ. ಅಕ್ರಮ ಹಣದ ಮೇಲೆ ಕಣ್ಣಿಡಲು ಜಿ-7 ದೇಶಗಳು 1989ರಲ್ಲಿ ಹುಟ್ಟುಹಾಕಿದ್ದು. ಅದಕ್ಕೆ ಸೇನೆಯಿಲ್ಲ, ಅದರ ಹಿಂದೆ ಒಪ್ಪಂದವೂ ಇಲ್ಲ. 2001ರ ಅಕ್ಟೋಬರ್‌ನಲ್ಲಿ ಭಯೋತ್ಪಾದನೆಯ ಹಣವನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಅದರ ಏಕೈಕ ಅಸ್ತ್ರ ಪಟ್ಟಿ. ಅಕ್ರಮ ಹಣದ ತಡೆಯಲ್ಲಿ ಹಿಂದುಳಿದ ದೇಶಗಳನ್ನು ಹೆಸರಿಸುವ ಬೂದು ಪಟ್ಟಿಗೆ ಬಿದ್ದ ದೇಶದೊಂದಿಗೆ ವ್ಯವಹರಿಸುವಾಗ ಜಗತ್ತಿನ ಬ್ಯಾಂಕುಗಳು ನಾಲ್ಕು ಪ್ರಶ್ನೆ ಹೆಚ್ಚು ಕೇಳುತ್ತವೆ, ಸಾಲ ದುಬಾರಿಯಾಗುತ್ತದೆ, ವಿದೇಶಿ ಬ್ಯಾಂಕುಗಳು ಸಂಬಂಧ ಕಡಿದುಕೊಳ್ಳತೊಡಗುತ್ತವೆ. 2018ರ ಜೂನ್‌ನಲ್ಲಿ ಪಾಕಿಸ್ತಾನ ಈ ಪಟ್ಟಿಗೆ ಬಿದ್ದಿತು. ಮೊದಲು 27, ಆಮೇಲೆ ಇನ್ನೂ 7, ಒಟ್ಟು 34 ಕೆಲಸಗಳನ್ನು ಮಾಡಿ ತೋರಿಸಬೇಕಾಯಿತು. ಮುಂಬೈ ದಾಳಿಯ ಬಳಿಕ ಹನ್ನೆರಡು ವರ್ಷ ಬಂಧನ-ಬಿಡುಗಡೆಯ ಆಟವಾಡಿದ ದೇಶದಲ್ಲಿ 2020ರಲ್ಲಿ ಲಷ್ಕರ್-ಎ-ತಯಬಾ ಸ್ಥಾಪಕ ಹಫೀಜ್ ಸಯೀದ್‌ಗೆ ಭಯೋತ್ಪಾದನೆಗೆ ಹಣ ಒದಗಿಸಿದ ಆರೋಪದಲ್ಲಿ ಜೈಲು ಶಿಕ್ಷೆಯಾಯಿತು.

ಅದಕ್ಕಿಂತ ಸ್ವಾರಸ್ಯಕರವಾದದ್ದು ಸಾಜಿದ್ ಮೀರ್ ಪ್ರಕರಣ. 2008ರ ನವೆಂಬರ್‌ನಲ್ಲಿ ಮುಂಬೈಗೆ ಬಂದಿಳಿದ ಹತ್ತು ಮಂದಿಗೆ ಗಡಿಯಾಚೆಯಿಂದ ಫೋನಿನಲ್ಲಿ ಕ್ಷಣಕ್ಷಣದ ನಿರ್ದೇಶನ ಹೋಗುತ್ತಿತ್ತು. ಹೋಟೆಲಿನಲ್ಲಿ ಏನು ಮಾಡಬೇಕು, ಒತ್ತೆಯಾಳುಗಳನ್ನು ಯಾವಾಗ ಕೊಲ್ಲಬೇಕು ಎಂದು ಹೇಳಿಕೊಡುತ್ತಿದ್ದವರು ಟಿವಿ ನೇರಪ್ರಸಾರ ನೋಡುತ್ತಾ ಕುಳಿತಿದ್ದರು. 166 ಜನರನ್ನು ಬಲಿ ಪಡೆದ ಆ ಕಾರ್ಯಾಚರಣೆಯ ಸೂತ್ರಧಾರರಲ್ಲಿ ಒಬ್ಬನೆಂದು ಅಮೆರಿಕ ಹೆಸರಿಸಿದ್ದು ಈ ಸಾಜಿದ್ ಮೀರನನ್ನು. ಅವನು ಸತ್ತಿದ್ದಾನೆ ಎಂದು ಪಾಕಿಸ್ತಾನಿ ಅಧಿಕಾರಿಗಳು ಹೇಳಿದ್ದುಂಟು. ಹಾಗೆ ‘ಸತ್ತವನು’ 2022ರಲ್ಲಿ, ಎಫ್‌ಎಟಿಎಫ್‌ನ ಪರಿಶೀಲನೆ ಹತ್ತಿರವಾದ ಹೊತ್ತಿಗೆ, ಜೀವಂತವಾಗಿ ನ್ಯಾಯಾಲಯದಲ್ಲಿ ಕಾಣಿಸಿಕೊಂಡ. ಹದಿನೈದು ವರ್ಷ ಶಿಕ್ಷೆಯೂ ಆಯಿತು. ಅಕ್ಟೋಬರ್‌ನಲ್ಲಿ ಪಾಕಿಸ್ತಾನ ಬೂದು ಪಟ್ಟಿಯಿಂದ ಹೊರಬಂದಿತು. 2023ರ ಜೂನ್‌ನಲ್ಲಿ ಇದೇ ಮನುಷ್ಯನನ್ನು ವಿಶ್ವಸಂಸ್ಥೆಯ ಪಟ್ಟಿಗೆ ಸೇರಿಸುವ ಪ್ರಸ್ತಾವಕ್ಕೆ ಚೀನಾ ಅಡ್ಡಿ ಹಾಕಿತು. ಎಷ್ಟು ಶಿಕ್ಷೆ ನಿಜವಾಗಿ ಜಾರಿಯಾಗುತ್ತದೆ ಎಂಬ ಅನುಮಾನ ಇಟ್ಟುಕೊಂಡೇ ಹೇಳುತ್ತೇನೆ: ವೀಟೊ ಬಲವಿರುವ ಮಂಡಳಿಯಿಂದಾಗದ ಒತ್ತಡವನ್ನು ಲೆಕ್ಕಪರಿಶೋಧಕರ ಕೂಟ ತಂದಿತು. ಇಲ್ಲಿಯೂ ದುರುಪಯೋಗವಿದೆ, ಈ ನಿಯಮಗಳ ನೆಪದಲ್ಲಿ ಸ್ವಯಂಸೇವಾ ಸಂಸ್ಥೆಗಳ ಕತ್ತು ಹಿಸುಕಿದ ಸರ್ಕಾರಗಳಿವೆ. ಆದರೂ ಗಡಿಯಾಚೆಗಿನ ಆಶ್ರಯಕ್ಕೆ ಬೆಲೆ ಕಟ್ಟುವ ದಾರಿಗಳಲ್ಲಿ ನಾನು ಕಂಡ ಪೈಕಿ ಇದೇ ವಾಸಿ.

ಗುಪ್ತಚರ ಮಾಹಿತಿ ಹಂಚಿಕೆಯ ಬಗ್ಗೆ ಎಲ್ಲ ಶೃಂಗಸಭೆಗಳಲ್ಲೂ ಮಾತು ಬರುತ್ತದೆ. ಹಂಚಿಕೊಂಡ ಮೇಲೆ ಏನಾಗುತ್ತದೆ ಎಂಬುದು ಸಭೆಯಲ್ಲಿ ಬರುವುದಿಲ್ಲ. ಶ್ರೀಲಂಕಾದ ಈಸ್ಟರ್ ದಾಳಿಯ ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2018ರ ಡಿಸೆಂಬರ್‌ನಲ್ಲಿ ಮಾವನೆಲ್ಲ ಪಟ್ಟಣದಲ್ಲಿ ಬುದ್ಧನ ವಿಗ್ರಹಗಳನ್ನು ಒಡೆದರು. ಅದರ ಜಾಡು ಹಿಡಿದ ಪೊಲೀಸರಿಗೆ ಜನವರಿಯಲ್ಲಿ ತೆಂಗಿನ ತೋಟವೊಂದರಲ್ಲಿ ಭಾರಿ ಪ್ರಮಾಣದ ಸ್ಫೋಟಕ ಸಿಕ್ಕಿತು. ಮುಂದೆ ದಾಳಿಯ ನೇತೃತ್ವ ವಹಿಸಿದ ಜಹ್ರಾನ್ ಹಾಶಿಂ ಎಂಬ ಪ್ರಚಾರಕನ ಬಗ್ಗೆ ಸ್ಥಳೀಯ ಮುಸ್ಲಿಮರೇ ವರ್ಷಗಳ ಹಿಂದೆ ದೂರು ಕೊಟ್ಟಿದ್ದರು. 2019ರ ಏಪ್ರಿಲ್ 4ರಂದು ಭಾರತದ ಗುಪ್ತಚರ ವಿಭಾಗ ಚರ್ಚ್‌ಗಳ ಮೇಲೆ ದಾಳಿಯ ಸಂಚಿದೆಯೆಂದು ಹೆಸರು ಸಮೇತ ತಿಳಿಸಿತು. ಏಪ್ರಿಲ್ 11ರಂದು ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ಸಹಿಯಿರುವ ಸುತ್ತೋಲೆಯಲ್ಲೂ ಜಹ್ರಾನ್‌ನ ಹೆಸರಿತ್ತು. ಏಪ್ರಿಲ್ 21ರ ಬೆಳಿಗ್ಗೆ, ದಾಳಿಗೆ ಕೆಲವೇ ಗಂಟೆಗಳ ಮುನ್ನ, ಮತ್ತೊಂದು ಎಚ್ಚರಿಕೆ ಬಂದಿತು. ಮೂರು ಚರ್ಚ್, ಮೂರು ಐಷಾರಾಮಿ ಹೋಟೆಲುಗಳಲ್ಲಿ 260ಕ್ಕೂ ಹೆಚ್ಚು ಜನ ಸತ್ತರು.

ಏಕೆ? ಅಧ್ಯಕ್ಷ ಮೈತ್ರಿಪಾಲ ಸಿರಿಸೇನಾ ಮತ್ತು ಪ್ರಧಾನಿ ರನಿಲ್ ವಿಕ್ರಮಸಿಂಘೆ ಪರಸ್ಪರ ಮುಖ ನೋಡುತ್ತಿರಲಿಲ್ಲ. ಹಿಂದಿನ ಅಕ್ಟೋಬರ್‌ನ ರಾಜಕೀಯ ಬಿಕ್ಕಟ್ಟಿನ ನಂತರ ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗಳಿಗೆ ಪ್ರಧಾನಿಗೆ ಕರೆಯೇ ಇರಲಿಲ್ಲ. ಎಚ್ಚರಿಕೆಯ ಪತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು, ಚರ್ಚಿನ ಬಾಗಿಲಿಗೆ ತಲುಪಲಿಲ್ಲ. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸಿರಿಸೇನಾ ಸಂತ್ರಸ್ತರಿಗೆ ಸ್ವಂತ ಜೇಬಿನಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ರಾಷ್ಟ್ರದ ಮುಖ್ಯಸ್ಥರಾಗಿದ್ದವರನ್ನು ನಿರ್ಲಕ್ಷ್ಯಕ್ಕಾಗಿ ಹೀಗೆ ಹೊಣೆ ಮಾಡಿದ ಇನ್ನೊಂದು ತೀರ್ಪನ್ನು ಹುಡುಕುವುದು ಕಷ್ಟ.

ಅಪನಂಬಿಕೆ ದೇಶಗಳ ನಡುವೆ ಇದ್ದಾಗಲೂ ಆಗುವುದು ಇದೇ. 2024ರ ಜನವರಿಯಲ್ಲಿ ಇರಾನಿನ ಕೆರ್ಮಾನ್‌ನಲ್ಲಿ ಐಸಿಸ್ ಬಾಂಬ್‌ಗಳು ತೊಂಬತ್ತಕ್ಕೂ ಹೆಚ್ಚು ಜನರನ್ನು ಕೊಂದವು. ಅಮೆರಿಕ ತನ್ನ ಕಡು ವೈರಿಗೂ ಮುಂಚಿತವಾಗಿ ಮಾಹಿತಿ ಕೊಟ್ಟಿತ್ತು. ಮಾರ್ಚ್ 7ರಂದು ಮಾಸ್ಕೊದಲ್ಲಿನ ಅಮೆರಿಕದ ರಾಯಭಾರ ಕಚೇರಿ ಸಂಗೀತ ಕಾರ್ಯಕ್ರಮಗಳಿಂದ ದೂರವಿರಿ ಎಂದು ಬಹಿರಂಗವಾಗಿಯೇ ಎಚ್ಚರಿಸಿತು. ಅಂಥ ಎಚ್ಚರಿಕೆಗಳು ಸಮಾಜವನ್ನು ಬೆದರಿಸುವ ತಂತ್ರ ಎಂದು ಪುಟಿನ್ 19ರಂದು ತಳ್ಳಿಹಾಕಿದರು. 22ರಂದು ಕ್ರೋಕಸ್ ಸಭಾಂಗಣದಲ್ಲಿ 140ಕ್ಕೂ ಹೆಚ್ಚು ಜನ ಹತರಾದರು. ಭಯೋತ್ಪಾದಕ ಜಾಲಗಳು ವಾಸಿಸುವುದು ಇಂಥ ಬಿರುಕುಗಳಲ್ಲಿ: ಎರಡು ದೇಶಗಳ ನಡುವೆ, ಒಂದೇ ಸರ್ಕಾರದ ಎರಡು ಕಚೇರಿಗಳ ನಡುವೆ, ಪೊಲೀಸರಿಗೂ ಒಂದು ಸಮುದಾಯಕ್ಕೂ ನಡುವೆ. ಕ್ಷಿಪಣಿಗಳು ಬಿರುಕು ಮುಚ್ಚುವುದಿಲ್ಲ, ಕೆಲವೊಮ್ಮೆ ಅಗಲ ಮಾಡುತ್ತವೆ. ಬಿನ್ ಲಾದೆನ್ ಪಾಕಿಸ್ತಾನದ ಅಬೊಟಾಬಾದ್‌ನಲ್ಲಿದ್ದಾನೆಯೇ ಎಂದು ಖಚಿತಪಡಿಸಿಕೊಳ್ಳಲು ಸಿಐಎ ನಕಲಿ ಹೆಪಟೈಟಿಸ್ ಲಸಿಕೆ ಅಭಿಯಾನ ನಡೆಸಿತು. ಅದು ಬಯಲಾದ ಮೇಲೆ ವಜೀರಿಸ್ತಾನದಲ್ಲಿ ತಾಲಿಬಾನ್ ಕಮಾಂಡರ್‌ಗಳು ಪೋಲಿಯೊ ಲಸಿಕೆಯನ್ನೇ ನಿಷೇಧಿಸಿದರು, ಲಸಿಕೆ ಹಾಕುವ ಹೆಣ್ಣುಮಕ್ಕಳು ಗುಂಡಿಗೆ ಬಲಿಯಾದರು. 2014ರಲ್ಲಿ ಅಮೆರಿಕ ಇನ್ನು ಮುಂದೆ ಲಸಿಕೆಯನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಎಂದು ಮಾತು ಕೊಟ್ಟಿತು. ಅಷ್ಟರಲ್ಲಿ ಹಾನಿ ಆಗಿತ್ತು.

ಹಾಗಾದರೆ ಇಂಥ ಸಂಘಟನೆಗಳು ಕೊನೆಯಾಗುವುದೇ ಇಲ್ಲವೇ? ಆಗುತ್ತವೆ. 1968ರಿಂದ 2006ರವರೆಗಿನ 648 ಗುಂಪುಗಳನ್ನು ಅಮೆರಿಕದ ರ‍್ಯಾಂಡ್ ಸಂಸ್ಥೆ ಅಧ್ಯಯನ ಮಾಡಿತು. ಒಡೆದು ಬೇರೆ ಹೆಸರಿನಲ್ಲಿ ಮುಂದುವರಿದವನ್ನು ಬಿಟ್ಟರೆ, ಕೊನೆಗೊಂಡವುಗಳಲ್ಲಿ ಶೇ 43 ರಾಜಕೀಯಕ್ಕೆ ಇಳಿದವು, ಶೇ 40 ಪೊಲೀಸ್ ಮತ್ತು ಗುಪ್ತಚರ ಕೆಲಸದಿಂದ ಮುರಿದವು, ಶೇ 10 ಗುರಿ ಮುಟ್ಟಿದವು. ಸೇನಾ ಬಲದಿಂದ ಮುಗಿದವು ಶೇ 7 ಮಾತ್ರ. ಧಾರ್ಮಿಕ ಗುಂಪುಗಳು ಉಳಿದವಕ್ಕಿಂತ ಹೆಚ್ಚು ಕಾಲ ಬಾಳಿದವು. ಆದರೆ ಆ ಅವಧಿಯಲ್ಲಿ ಕೊನೆಗೊಂಡ ಒಂದು ಧಾರ್ಮಿಕ ಗುಂಪೂ ಗೆದ್ದು ಕೊನೆಗೊಂಡಿರಲಿಲ್ಲ. ಈ ಅಂಕಿಗಳನ್ನು ಎತ್ತಿ ಹಿಡಿದು ‘ಪೊಲೀಸರಿಗೆ ಬಿಡಿ’ ಎನ್ನುವವರ ಮಾತಿನಲ್ಲಿ ಒಂದು ತೊಡಕಿದೆ. ಪೊಲೀಸ್ ಠಾಣೆ ಇರುವ ಕಡೆ ಅದು ಸರಿ. ಠಾಣೆ, ಶಾಲೆ, ನ್ಯಾಯಾಲಯ ಒಂದೂ ಇಲ್ಲದ ಉತ್ತರ ಮಾಲಿಯಲ್ಲೋ ದಕ್ಷಿಣ ಸೊಮಾಲಿಯಾದಲ್ಲೋ ಯಾರಿಗೆ ಬಿಡುವುದು? ಫ್ರಾನ್ಸ್ 2013ರಲ್ಲಿ ಮಾಲಿಯ ಪಟ್ಟಣಗಳನ್ನು ಕೆಲವೇ ವಾರಗಳಲ್ಲಿ ಬಿಡಿಸಿಕೊಟ್ಟಿತು. ಆದರೆ ಬಿಡಿಸಿಕೊಂಡ ಊರಿನಲ್ಲಿ ಆಡಳಿತ ನಡೆಸುವವರು ಬರಲಿಲ್ಲ. 2022ರಲ್ಲಿ ಫ್ರೆಂಚ್ ಪಡೆ, 2023ರ ಕೊನೆಗೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಹೊರನಡೆದವು. ಜಗತ್ತಿನಲ್ಲಿ ಈಗ ಭಯೋತ್ಪಾದನೆಗೆ ಅತಿ ಹೆಚ್ಚು ಜನ ಬಲಿಯಾಗುತ್ತಿರುವುದು ಸಹಾರಾದ ಅಂಚಿನ ಈ ಸಾಹೇಲ್ ಪ್ರದೇಶದಲ್ಲಿ. ಸುದ್ದಿಯಲ್ಲಿ ಅದು ಇಲ್ಲ, ಅಷ್ಟೇ.

ಗೆದ್ದ ಧಾರ್ಮಿಕ ಗುಂಪು ಇಲ್ಲ ಎಂಬ 2006ರವರೆಗಿನ ಮಾತು ಈಗ ಹಾಗೇ ಉಳಿದಿಲ್ಲ. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ಪ್ರವೇಶಿಸಿತು. ಇನ್ನೂ ವಿಚಿತ್ರವಾದದ್ದು ಸಿರಿಯಾ. ಒಂದು ಕಾಲದಲ್ಲಿ ಅಲ್-ಖೈದಾದ ಸಿರಿಯಾ ಶಾಖೆಯನ್ನು ನಡೆಸಿದ, ತಲೆಗೆ 1 ಕೋಟಿ ಡಾಲರ್ ಬಹುಮಾನ ಹೊತ್ತಿದ್ದ ಅಹ್ಮದ್ ಅಲ್-ಶರಾ 2024ರ ಡಿಸೆಂಬರ್‌ನಲ್ಲಿ ಡಮಾಸ್ಕಸ್ ಗೆದ್ದರು. 2025ರ ನವೆಂಬರ್‌ನಲ್ಲಿ ಭದ್ರತಾ ಮಂಡಳಿ ಅವರನ್ನು ನಿರ್ಬಂಧ ಪಟ್ಟಿಯಿಂದ ತೆಗೆಯಿತು. ಕೆಲವೇ ದಿನಗಳಲ್ಲಿ ಅವರು ಶ್ವೇತಭವನದ ಅತಿಥಿಯಾದರು. ಅಲ್-ಖೈದಾ ಜೊತೆ ಅವರು 2016ರಲ್ಲಿ ಸಂಬಂಧ ಕಡಿದುಕೊಂಡಿದ್ದರು, ಐಸಿಸ್ ವಿರುದ್ಧ ಹೋರಾಡಿದ್ದರು ಎಂಬುದು ನಿಜ. ಪಟ್ಟಿಯ ಪಾವಿತ್ರ್ಯ ಎಷ್ಟು ಎಂಬುದೂ ಆ ಒಂದು ವಾರದಲ್ಲಿ ತಿಳಿಯಿತು.

ನ್ಯಾಯಾಲಯಗಳ ಕೆಲಸಕ್ಕೆ ಇಷ್ಟು ಸದ್ದಿಲ್ಲ. 2014ರಲ್ಲಿ ಉತ್ತರ ಇರಾಕಿನ ಸಿಂಜಾರ್‌ನಲ್ಲಿ ಯಜಿದಿ ಎಂಬ ಧಾರ್ಮಿಕ ಅಲ್ಪಸಂಖ್ಯಾತರ ಮೇಲೆ ಐಸಿಸ್ ನಡೆಸಿದ ಹತ್ಯಾಕಾಂಡಕ್ಕೆ, ಹೆಣ್ಣುಮಕ್ಕಳನ್ನು ಗುಲಾಮರಾಗಿ ಮಾರಿದ್ದಕ್ಕೆ ಶಿಕ್ಷೆಯಾಗುತ್ತದೆಂದು ಯಾರೂ ನಂಬಿರಲಿಲ್ಲ. 2021ರ ನವೆಂಬರ್ 30ರಂದು ಜರ್ಮನಿಯ ಫ್ರಾಂಕ್‌ಫರ್ಟ್ ನ್ಯಾಯಾಲಯ, ಐದು ವರ್ಷದ ಯಜಿದಿ ಮಗುವನ್ನು ಸುಡುಬಿಸಿಲಿನಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿ ಕೊಂದ ಇರಾಕಿ ಪ್ರಜೆಗೆ ನರಮೇಧದ ಅಪರಾಧದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಯಜಿದಿಗಳ ನರಮೇಧಕ್ಕಾಗಿ ಜಗತ್ತಿನಲ್ಲಿ ಬಂದ ಮೊದಲ ತೀರ್ಪು ಅದು. ಅಪರಾಧ ನಡೆದದ್ದು ಇರಾಕಿನಲ್ಲಿ, ಆರೋಪಿ ಸಿಕ್ಕಿದ್ದು ಗ್ರೀಸ್‌ನಲ್ಲಿ, ಸಾಕ್ಷಿ ನುಡಿದದ್ದು ಮಗುವಿನ ತಾಯಿ. ಪ್ರಯೋಜನವಾಗಿದೆಯೇ ಎಂದು ಕೇಳಿದಿರಲ್ಲ, ನಾನು ಮೊದಲು ತೋರಿಸುವುದು ಇದನ್ನು.

ಆಗಬೇಕಾಗಿದ್ದೂ ಆಗದೆ ಉಳಿದದ್ದನ್ನೂ ಹೇಳಬೇಕು. ಬಘೂಜ್ ಬಿದ್ದಾಗ ಐಸಿಸ್ ಪ್ರದೇಶದಿಂದ ಹೊರಬಂದವರನ್ನು ಈಶಾನ್ಯ ಸಿರಿಯಾದ ಅಲ್-ಹೋಲ್ ಶಿಬಿರದಲ್ಲಿ ಇಡಲಾಯಿತು. 2019ರಲ್ಲಿ ಅಲ್ಲಿ 70,000ಕ್ಕೂ ಹೆಚ್ಚು ಜನರಿದ್ದರು, ಬಹುಪಾಲು ಹೆಂಗಸರು ಮತ್ತು ಮಕ್ಕಳು. ಅವರಲ್ಲಿ ಹಲವು ದೇಶಗಳ ಪ್ರಜೆಗಳಿದ್ದರು. ಮನೆಯಲ್ಲಿ ಮತ ಕಳೆದುಕೊಳ್ಳುವ ಭಯಕ್ಕೆ ಯುರೋಪಿನ ಅನೇಕ ಸರ್ಕಾರಗಳು ತಮ್ಮವರನ್ನು ವರ್ಷಗಟ್ಟಲೆ ಅಲ್ಲೇ ಬಿಟ್ಟವು. ಬ್ರಿಟನ್ ಕೆಲವರ ಪೌರತ್ವವನ್ನೇ ಕಿತ್ತುಕೊಂಡಿತು. ಆ ಮಕ್ಕಳು ಮುಳ್ಳುತಂತಿಯೊಳಗೆ, ಐಸಿಸ್ ನಿಷ್ಠೆ ಬಿಡದ ಹೆಂಗಸರ ಕಾವಲಿನಲ್ಲಿ, ಶಾಲೆಯಿಲ್ಲದೆ ಬೆಳೆದರು. ಕಜಕಿಸ್ತಾನವಾದರೋ 2019ರಲ್ಲೇ ‘ಜುಸಾನ್’ ಕಾರ್ಯಾಚರಣೆ ನಡೆಸಿ ಸುಮಾರು 600 ಪ್ರಜೆಗಳನ್ನು, ಅದರಲ್ಲೂ ಹೆಚ್ಚಾಗಿ ಮಕ್ಕಳನ್ನು, ವಿಮಾನದಲ್ಲಿ ಮನೆಗೆ ಕರೆತಂದಿತು. ಅಪರಾಧವೆಸಗಿದ ಗಂಡಸರು ಜೈಲಿಗೆ ಹೋದರು. ಹೆಂಗಸರೂ ಮಕ್ಕಳೂ ಪುನರ್ವಸತಿ ಕೇಂದ್ರಗಳ ಮೂಲಕ ಬಂಧುಗಳ ಮನೆ ಸೇರಿದರು. ಭಯೋತ್ಪಾದನೆ ನಿಗ್ರಹದ ತಜ್ಞರಿಗೆ ಪಾಠ ಹೇಳುವ ಎಷ್ಟೋ ಶ್ರೀಮಂತ ದೇಶಗಳು ಈ ಕೆಲಸವನ್ನು ಕಜಕಿಸ್ತಾನದ ಬಳಿ ಹೋಗಿ ಕಲಿಯಬೇಕಾಗಿತ್ತು.